ಇದ್ದಿಲಿನ ಎಕ್ಸ್‌ರೇ

ಅನಂತಪದ್ಮನಾಭ ಆ ಫಿಲ್ಮನ್ನು ಮನೆಗೆ ತರಬಾರದಿತ್ತು. ಆದರೆ ಸೋಮವಾರ ಸಂಜೆ ನಾಲ್ಕಕ್ಕೆ ತಂಗಿ ವಾರಿಜಾಳ ನಿಶ್ಚಿತಾರ್ಥದ ತಾಂಬೂಲ; ಅದಕ್ಕೆಂದು ರಜೆ ಹಾಕಿದ್ದ. ಪ್ರಯೋಗಾಲಯದ ಮೇಲಧಿಕಾರಿ ಏಕಾಂತಯ್ಯನವರಿಗೋ ಮಂಗಳವಾರ ಬೆಳಗ್ಗೆಯೇ ಅಳತೆಗಳು ಬೇಕಿದ್ದವು.

ಕೆಲಸವೇನೋ ಸರಳವೇ. ತೆಂಗಿನ ಚಿಪ್ಪಿನ ಇದ್ದಿಲ ಪುಡಿಯೊಳಗೆ ಎಕ್ಸ್‌ರೇ ಹಾಯಿಸಿದರೆ ಹೆಚ್ಚಿನ ಪಾಲು ನೇರವಾಗಿ ಹೋಗಿ, ಒಂದಿಷ್ಟು ಮಾತ್ರ ತೀರ ಸಣ್ಣ ಕೋನದಲ್ಲಿ ಪಕ್ಕಕ್ಕೆ ಚೆದುರುತ್ತದೆ. ಚೆದುರಿದ್ದನ್ನು ಮೂವತ್ತಾರು ಗಂಟೆ ಫಿಲ್ಮಿನ ಮೇಲೆ ಹಿಡಿದರೆ, ಇದ್ದಿಲಿನೊಳಗೆ ಕಣ್ಣಿಗೆ ಕಾಣದ ತೂತುಗಳು ಎಷ್ಟೆಷ್ಟು ದೊಡ್ಡವು ಎಂದು ಲೆಕ್ಕ ಹಾಕಬಹುದು. ನೋಡುವವರಿಗೆ ಮಾತ್ರ ಅದು ನಡುವೆ ಬಿಳಿ ಚುಕ್ಕೆ, ಸುತ್ತ ಮಸಿ ಹರಡಿದ ಅಂಗೈಯಗಲದ ಹಾಳೆ.

ಸೋಮವಾರ ಬೆಳಗ್ಗೆ ಅದನ್ನು ಕಿಟಕಿಯ ಬೆಳಕಿಗೆ ಸಿಕ್ಕಿಸಿ, ಭೂತಗನ್ನಡಿ ಹಿಡಿದು ಕೂತಿದ್ದಾಗ ಮನೆ ಒಡತಿ ನಾರಾಯಣಮ್ಮ ಹೊರಗಿನಿಂದ ಇಣುಕಿದರು.

“ಏನ್ ಸಾಮಿ ಅದು?”

“ಎಕ್ಸ್‌ರೇ, ನಾರಾಯಣಮ್ಮ.”

“ಯಾರ್‌ದು?”

“ನಂದೇ,” ಎಂದ ಅನಂತಪದ್ಮನಾಭ, ಅಳತೆಪಟ್ಟಿಯಿಂದ ಕಣ್ಣೆತ್ತದೆ.

“ಏನಂತೈತೆ?”

“ಒಳಗೆಲ್ಲ ತೂತು. ಒಂದೆರಡಲ್ಲ, ಲಕ್ಷಾಂತರ.”

ನಾರಾಯಣಮ್ಮನ ತಮ್ಮ ಹಿಂದಿನ ವರ್ಷವಷ್ಟೇ ಕ್ಷಯದಲ್ಲಿ ತೀರಿಕೊಂಡಿದ್ದ. ಇಂಥದೇ ಕಪ್ಪು ಹಾಳೆಯನ್ನು ಆಸ್ಪತ್ರೆಯಲ್ಲಿ ಎತ್ತಿ ಹಿಡಿದು ಡಾಕ್ಟರು ತಲೆಯಾಡಿಸಿದ್ದನ್ನು ಆಕೆ ಕಂಡಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದರು.

ಒಂಬತ್ತು ಗಂಟೆಗೆ ನಲ್ಲಿಯ ಹತ್ತಿರ ವಾರಿಜಾ ಬಿಂದಿಗೆ ಇಟ್ಟಳು. ಉಳಿದ ಬಿಂದಿಗೆಗಳು ಮಡಿಯುಟ್ಟವರಂತೆ ದೂರ ಸರಿದವು. ಹತ್ತಕ್ಕೆ ಬರಬೇಕಿದ್ದ ಅಡಿಗೆಯಾಕೆ ಅಮ್ಮಣ್ಣಿ ಬರಲಿಲ್ಲ. ಮೈ ಬೆಚ್ಚಗಿದೆಯೆಂದು ಹೇಳಿಕಳಿಸಿದಳು. ಅಷ್ಟರಲ್ಲಿ ಸುದ್ದಿ ಯಡಿಯೂರು ಕೆರೆಯ ಏರಿಯನ್ನೂ ದಾಟಿತ್ತು.

ಹನ್ನೊಂದಕ್ಕೆ ನಾರಾಯಣಮ್ಮನ ಗಂಡ, ಮನೆ ಯಜಮಾನ ಬೈರಣ್ಣ ಬೆವರೊರೆಸಿಕೊಳ್ಳುತ್ತ ಸೈಕಲ್ಲಿನಿಂದ ಇಳಿದರು.

“ಎದೆಗುಂದ್‌ಬ್ಯಾಡಿ ಸಾಮಿ. ನಾನೇ ಬಸವನಗುಡಿಗೋಗಿ ಬೀಗರಿಗೆ ಯೋಳಿ ಬಂದಿವ್ನಿ, ಇವತ್ತು ಬರ್‌ಬ್ಯಾಡಿ, ಪಾಪ ಉಡುಗನ ಎದೆ ತೂತಾಗೈತೆ ಅಂತ.”

ಅನಂತಪದ್ಮನಾಭನ ಕೈಯಿಂದ ಭೂತಗನ್ನಡಿ ಜಾರಿತು. ವಾರಿಜಾಳಿಗೆ ಇಪ್ಪತ್ತೇಳು ತುಂಬಿತ್ತು, ಇದು ಏಳನೆಯ ಸಂಬಂಧ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿದ್ದವರು ಅಣ್ಣ ತಂಗಿ ಇಬ್ಬರೇ. “ಅದು ಇದ್ದಿಲಿಂದು ಬೈರಣ್ಣ, ಇದ್ದಿಲಿಂದು,” ಎಂದ.

“ಊಂ, ಇದ್ದಿಲೇ ಆಗೋಗಿರ್ತದೆ,” ಎಂದರು ಬೈರಣ್ಣ, ಮರುಕದಿಂದ.

ಸ್ವಲ್ಪ ಹೊತ್ತಿಗೆ ಗಂಡಿನ ತಂದೆ ಸೇತುರಾಮ ರಾಯರೇ ಬಂದರು. ಒಳ್ಳೆಯವರು; ಆದರೆ ಗೇಟಿನ ಹೊರಗೇ ನಿಂತು ಇದ್ದಿಲಿನ ಕಥೆ ಕೇಳಿದರು.

“ನೀವು ಹೇಳೋದು ನಿಜಾನೇ ಇರಬಹುದು. ಆದರೆ ನಮ್ಮ ಮನೆಯವಳಿಗೆ ಧೈರ್ಯ ಆಗಬೇಕಲ್ಲ. ಎದೇದು ಒಂದು ಎಕ್ಸ್‌ರೇ ತೆಗೆಸಿಬಿಡಿ. ನಾಲ್ಕಕ್ಕೆ ಬರ್ತೀವಿ.”

ಅನಂತಪದ್ಮನಾಭ ಬಸ್ಸು ಹಿಡಿದು ಮಾರ್ಕೆಟ್ಟಿಗೆ ಹೋದ. ಅಲ್ಲಿನ ಡಾಕ್ಟರ ಬಾಗಿಲಲ್ಲಿ ಕೆಮ್ಮುವವರ ಸಾಲಿನಲ್ಲಿ ಎರಡು ಗಂಟೆ ನಿಂತ. ಉಸಿರು ಬಿಗಿಹಿಡಿ ಎಂದಾಗ ಹಿಡಿದ. ಬಿಡು ಎಂದರೂ ಬಿಡಲು ಮರೆತ. ಫಿಲ್ಮು ಒಣಗಲು ಕಾಯುವಷ್ಟು ವೇಳೆಯಿರಲಿಲ್ಲ. ಹಸಿ ಹಪ್ಪಳದಂತೆ ಅದನ್ನು ಎರಡು ಬೆರಳಲ್ಲಿ ಹಿಡಿದು ಬಸ್ಸು ಹತ್ತಿದ. ಪಕ್ಕದಲ್ಲಿ ಕೂತಿದ್ದವನು ಎದ್ದುಹೋದ. ಜಯನಗರದವರೆಗೂ ಆ ಸೀಟು ಖಾಲಿಯೇ ಇತ್ತು.

ನಾಲ್ಕೂವರೆಗೆ ಮನೆ ಮುಟ್ಟಿದಾಗ ಜಗಲಿಯ ಮೇಲೆ ರಾಯರು, ಅವರ ಹೆಂಡತಿ ಸತ್ಯಭಾಮಾ, ಜೊತೆಗೆ ಬೈರಣ್ಣ ದಂಪತಿ ಕೂತಿದ್ದರು. ರಾಯರು ಫಿಲ್ಮನ್ನು ಬಿಸಿಲಿಗೆ ಹಿಡಿದು, ಡಾಕ್ಟರ ಚೀಟಿಯನ್ನು ಎರಡು ಸಲ ಓದಿದರು.

“ಎರಡೂ ಕಡೆ ಶುದ್ಧವಾಗಿದೆ. ಒಂದು ಕಲೆಯೂ ಇಲ್ಲ,” ಎಂದರು.

ಅನಂತಪದ್ಮನಾಭ ಬೆಳಗಿನಿಂದ ಮೊದಲ ಬಾರಿಗೆ ನೆಮ್ಮದಿಯಾಗಿ ಕೂತ. ಒಳಗಿಂದ ವಾರಿಜಾ ಕಾಫಿ ತಂದಳು. ಸತ್ಯಭಾಮಾ ಲೋಟ ತೆಗೆದುಕೊಂಡು, ತುಟಿಗೆ ತಾಗಿಸುವ ಮೊದಲು ಕೇಳಿದರು: “ಬೆಳಗ್ಗೆ ಕಿಟಕೀಲಿತ್ತಂತಲ್ಲ, ಅದೆಲ್ಲಿ?”

ನಾರಾಯಣಮ್ಮ ತಾವೇ ಎದ್ದು ಅದನ್ನು ಸೆರಗಿನಲ್ಲಿ ಹಿಡಿದು ತಂದರು. ಎರಡು ಫಿಲ್ಮುಗಳೂ ಅಕ್ಕಪಕ್ಕ ಬಂದವು.

“ಇದು ನಿಮ್ಮದು. ಸರಿ,” ಎಂದರು ಸತ್ಯಭಾಮಾ. “ಹಾಗಾದರೆ ಇದು ಯಾರದು?”

“ಇದ್ದಿಲಿಂದು ಅಮ್ಮ, ಆಗಲೇ ಹೇಳಿದೆನಲ್ಲ.”

“ಇದ್ದಿಲಿಗೆ ಯಾವ ಕಾಯಿಲೆ ಅಂತ ಎಕ್ಸ್‌ರೇ ತೆಗೀತಾರೆ?”

ಅನಂತಪದ್ಮನಾಭ ಸಣ್ಣ ಕೋನದ ವಿಷಯ ಶುರುಮಾಡಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ತಟ್ಟೆ ಹಿಡಿದು ನಿಂತಿದ್ದ ವಾರಿಜಾಳ ಮೇಲಿತ್ತು.

“ಮನೇಲಿ ಇರೋದು ನೀವಿಬ್ಬರೇ ಅಲ್ವೇನಪ್ಪ?” ಎಂದರು ರಾಯರು ಮೆಲ್ಲಗೆ.

ಲೋಟಗಳು ಒಂದೊಂದಾಗಿ ಕೆಳಗಿಳಿದವು. ತಂದಿದ್ದ ಹಣ್ಣಿನ ಬುಟ್ಟಿಯನ್ನು ರಾಯರು ಬಿಟ್ಟು ಹೊರಟರು. ಹುಷಾರಿಲ್ಲದವರಿಗೆ ಹಣ್ಣು ಒಳ್ಳೆಯದಂತೆ. ಮನೆಗೆ ಸುಣ್ಣ ಹೊಡೆಸಬೇಕು, ತಿಂಗಳೊಳಗೆ ಬೇರೆ ಕಡೆ ನೋಡಿಕೊಂಡರೆ ಒಳ್ಳೆಯದು ಎಂದು ಬೈರಣ್ಣ ನೆಲ ನೋಡುತ್ತ ಹೇಳಿದರು.

ಜಗಲಿ ಖಾಲಿಯಾಯಿತು. ವಾರಿಜಾ ಯಾರೂ ಕುಡಿಯದ ಕಾಫಿಯನ್ನು ಪಾತ್ರೆಗೆ ಸುರಿಯತೊಡಗಿದಳು.

“ನಾಳೆ ನಿಂದೂ ಒಂದು ತೆಗೆಸೋಣ,” ಎಂದ ಅನಂತಪದ್ಮನಾಭ. “ಅದೂ ಚೆನ್ನಾಗಿ ಬರುತ್ತೆ. ಆಗ ಏನ್ ಹೇಳ್ತಾರೆ ನೋಡೋಣ.”

“ಅದೂ ಚೆನ್ನಾಗಿ ಬಂದ್ರೆ,” ಎಂದಳು ವಾರಿಜಾ, “ಇದು ಅಮ್ಮನದು ಅಂತಾರೆ ಅಣ್ಣ. ವಂಶದಲ್ಲೇ ಇದೆ ಅಂತಾರೆ. ಅಮ್ಮನ ಎಕ್ಸ್‌ರೇ ಎಲ್ಲಿಂದ ತರ್ತೀಯ?”