ಅಕ್ಷರ ನಿಲ್ಲದ ಕಂಬಳಿ

ದೇವರ ಹತ್ತಿರ ದೊಡ್ಡದೇನನ್ನೂ ಬೇಡಿ ಅಭ್ಯಾಸವಿಲ್ಲದವಳು ನಾನು. ಬೇಳೆ ಬೇಗ ಬೆಂದರೆ ಹುಲಿಗೆಮ್ಮನಿಗೆ ಒಂದು ನಮಸ್ಕಾರ, ರೊಟ್ಟಿ ಹರಿಯದೆ ಹಂಚಿಗೆ ಬಿದ್ದರೆ ಇನ್ನೊಂದು. ಅತ್ತೆಯವರು ಒಂದು ತಾಸು ಸುಮ್ಮನಿದ್ದ ದಿನ ತುಪ್ಪದ ದೀಪ ಹಚ್ಚಿದ್ದೂ ಉಂಟು. ಅಂಥ ನಾನು ಒಂದು ವರ್ಷ, ಕೊಪ್ಪಳದ ನಮ್ಮ ಮನೆಯಲ್ಲಿ, ಇಪ್ಪತ್ತು ದಿನ ಬಿಡದೆ ದೇವಿಯನ್ನು ಕಾಡಿದೆ. ಬೇಡಿದ್ದೇನೆಂದರೆ, ಬಟ್ಟೆಯ ಅಕ್ಷರಗಳು ಕಂಬಳಿಯ ಮೇಲೆ ಬೀಳದೆ ನಿಲ್ಲಲಿ ಎಂದು. ಇದನ್ನು ಬಿಡಿಸಿ ಹೇಳದಿದ್ದರೆ ನನ್ನ ತಲೆ ಸರಿಯಿಲ್ಲ ಎಂದುಕೊಳ್ಳುತ್ತೀರಿ. ಹೇಳಿದ ಮೇಲೂ ಅಂದುಕೊಳ್ಳಬಹುದು.

ಆಗ ನಮ್ಮ ಗೌರಿಗೆ ಏಳು ವರ್ಷ. ನಿಜಾಮ ಸರಕಾರದ ಶಾಲೆಯಲ್ಲಿ ಕಲಿಸುತ್ತಿದ್ದುದು ಉರ್ದು. ಕನ್ನಡ ಬೇಕೆಂದರೆ ಮಠದ ಪಡಸಾಲೆಯಲ್ಲಿ ಪಾಠ ಹೇಳುವ ಮುದುಕ ಮಾಸ್ತರರೊಬ್ಬರಿದ್ದರು. ಹೆಣ್ಣುಮಕ್ಕಳು ಅಕ್ಷರಗಳನ್ನು ಮನೆಯಲ್ಲೇ ಕಲಿತು ಬಂದರೆ ಮುಂದಿನದು ನಾನು ಕಲಿಸುತ್ತೇನೆ ಎನ್ನುವಷ್ಟು ಉದಾರಿಗಳು. ನಮ್ಮ ಯಜಮಾನರು ತಹಶೀಲ ಕಚೇರಿಯಲ್ಲಿ ಕಾರಕೂನರು. ಅಲ್ಲಿ ಇಡೀ ದಿನ ಹುಕುಂ ಕೇಳಿ ಕೇಳಿ, ಸಂಜೆ ಮನೆಗೆ ಬಂದು ಅಷ್ಟನ್ನೂ ನಮ್ಮ ಮೇಲೆ ತೀರಿಸುವವರು. ಮಗಳನ್ನು ಮಾಸ್ತರರಲ್ಲಿಗೆ ಕಳಿಸೋಣ ಎಂದಾಗ ಅರ್ಜಿಯ ವಿಚಾರಣೆ ಎಂಬಂತೆ ಮೀಸೆ ತಿರುವಿದರು.

“ಹುಣ್ಣಿವಿತನಕ ಮುದ್ದತ್ತು ಕೊಡ್ತೀನಿ. ಅಷ್ಟರಾಗ ಅಕ್ಷರ ಗುರ್ತು ಹಿಡಿದ್ಲು ಅಂದ್ರ ಕಳಸೂಣು. ಇಲ್ಲಂದ್ರ ಈ ಮಾತು ಮತ್ತ ಈ ಮನ್ಯಾಗ ತೆಗಿಬ್ಯಾಡ.”

ಮರಳ ಮೇಲೆ ತಿದ್ದಿಸಲು ಹೋದೆ. ಗೌರಿ ಆ ಮರಳಲ್ಲಿ ಗುಬ್ಬಿಗೂಡು ಕಟ್ಟಿದಳು. ಆಟದ ಸಾಮಾನಾಗದ ಹೊರತು ಅಕ್ಷರ ಅವಳ ಕೈಗೆ ಹತ್ತುವುದಿಲ್ಲವೆಂದು ತಿಳಿಯಿತು. ಅದೇ ವಾರ ಹಳೆಯ ಕಂಬಳಿ ಹಾಸಿಕೊಂಡು ಕೌದಿ ಹೊಲಿಯುತ್ತಿದ್ದೆ. ಎದ್ದು ಕಂಬಳಿ ಝಾಡಿಸಿದರೆ ಉಳಿದೆಲ್ಲ ಚಿಂದಿಗಳು ಉದುರಿದವು, ಬನಾತೆಂಬ ಉಣ್ಣೆಬಟ್ಟೆಯ ಒಂದು ಚೂರು ಮಾತ್ರ ಬೀಳಲೊಲ್ಲದು. ಉಣ್ಣೆ ಉಣ್ಣೆಯನ್ನು ಹಿಡಿದುಕೊಂಡಿತ್ತು. ಹಲಗೆಗೆ ಕಂಬಳಿ ಬಿಗಿದು ಗೋಡೆಗೆ ಆನಿಸಿ, ಬನಾತಿನಲ್ಲಿ ಅಕ್ಷರ ಕತ್ತರಿಸಿ ಕೊಟ್ಟರೆ, ಹುಡುಗಿ ಹಚ್ಚುತ್ತಾ ತೆಗೆಯುತ್ತಾ ಆಡಿಕೊಂಡೇ ಕಲಿತಾಳು ಎನಿಸಿತು. ನನ್ನ ಬುದ್ಧಿಗೆ ನಾನೇ ದೃಷ್ಟಿ ತೆಗೆದುಕೊಂಡೆ.

ಬನಾತು ಎಲ್ಲಿಂದ ತರುವುದು? ಯಜಮಾನರ ಕೆಂಪು ಬನಾತಿನ ಕೋಟೊಂದು ಪೆಟ್ಟಿಗೆಯ ತಳದಲ್ಲಿತ್ತು. ಮೈಗೆ ಹಿಡಿಯದೆ ಆರು ವರ್ಷವಾಗಿದ್ದರೂ “ಅದು ನನ್ನ ಇಜ್ಜತ್ತು” ಎನ್ನುತ್ತಿದ್ದರು. ನುಸಿ ಆಗಲೇ ಅರ್ಧ ಇಜ್ಜತ್ತು ತಿಂದಿತ್ತು. ಉಳಿದರ್ಧದಲ್ಲಿ ನಾನು ಅ-ದಿಂದ ಳ-ದವರೆಗೆ ಕತ್ತರಿಸಿದೆ. ಗುಂಡಿಯ ಕಾಜ ಬಂದಲ್ಲಿ ಠ ಮಾಡಿದೆ. ನಡುವಿನ ಚುಕ್ಕೆಯನ್ನು ದರ್ಜಿ ಎಂದೋ ಮಾಡಿಟ್ಟಿದ್ದ.

ಎಲ್ಲ ಸಿದ್ಧವಾದಾಗ ಅತ್ತೆಯವರು ಬಂದು ನಿಂತರು.

“ನಿಮ್ಮ ಮಾವ ಕಾಲಬುಡಕ ಹಾಸಿಕೊಂಡ ಕಂಬಳಿ ಐತಲ್ಲ ಅದು? ಅದರ ಮ್ಯಾಲೆ ಸರಸ್ವತೀನ ಕೂಡಸ್ತಿಯೇನವಾ?”

ನಿಜ ಹೇಳುತ್ತೇನೆ, ನನಗೂ ಹೌದೆನಿಸಿತು. ಕೆನ್ನೆ ಬಡಿದುಕೊಂಡೆ. ಸಂತೆಯಿಂದ ಹೊಸ ಕಂಬಳಿ ತರಿಸಿ, ಹಲಗೆಗೆ ಬಡಿದು, ವಿಭೂತಿ ಹಚ್ಚಿ, ಅರಿಶಿನ ಕುಂಕುಮ ಏರಿಸಿ ಅ ಹಚ್ಚಿದೆ. ಅದು ಬಿತ್ತು. ಆ ಹಚ್ಚಿದೆ. ಅದೂ ಬಿತ್ತು. ಹೊಸ ಕಂಬಳಿಗೆ ನೇಕಾರರು ಹುಣಸೆಬೀಜದ ಗಂಜಿ ಹಿಡಿಸಿರುತ್ತಾರೆ; ಹಪ್ಪಳದಷ್ಟು ಬಿರುಸು. ತೊಳೆದರೆ ಮೆತ್ತಗಾಗುತ್ತಿತ್ತು. ಆದರೆ ಅತ್ತೆಯವರು, “ಪೂಜಿ ಆದದ್ದನ್ನ ತೊಳಿಯಾಕ ಅದೇನು ನಿನ್ನ ಗಂಡನ ಧೋತ್ರ ಏನು?” ಎಂದರು. ತೊಳೆಯದೆ ಬಿಟ್ಟೆ. ಭಕ್ತಿ ಇದ್ದವರಿಗೆ ಇದೊಂದು ತೊಂದರೆ, ಎದುರಿನವರು ದೇವರ ಹೆಸರು ಹೇಳಿದರೆ ಬಾಯಿ ಕಟ್ಟುತ್ತದೆ.

ಹೀಗೆ ಬಿದ್ದ ಅಕ್ಷರಗಳು ಕಾಲಿಗೆ ಸಿಗತೊಡಗಿದವು. ಅಕ್ಷರ ತುಳಿದರೆ ಪಾಪ. ಅತ್ತೆಯವರು ಎಲೆಅಡಿಕೆಯ ಚೀಲ ಹಿಡಿದು ಕಾವಲಿಗೆ ಕುಳಿತರು.

“ಗೌರೀ, ಕಾಲಾಗ ಬಂತು ನೋಡು. ಕಣ್ಣಿಗೆ ಒತ್ತಿಕೊ.”

“ಒತ್ಗೊಂಡೆ ಆಯಿ.”

“ಹಂಗಲ್ಲ. ಯಾರನ್ನ ತುಳದಿ, ಅವರ ಹೆಸರು ಹೇಳಿ ತಪ್ಪಾತು ಅನ್ನು. ಬರೇ ತಪ್ಪಾತು ಅಂದ್ರ ಯಾರಿಗೆ ಮುಟ್ಟಬೇಕದು?”

“ಅವ್ವಾ, ಇದು ಯಾರು?”

“ಝ,” ಎನ್ನುತ್ತಿದ್ದೆ ಒಲೆಯ ಮುಂದಿನಿಂದ.

“ಝ, ತಪ್ಪಾತು.”

ದಿನವಿಡೀ ಇದೇ. ಪೊರಕೆಯನ್ನೂ ತಾಗಿಸುವಂತಿಲ್ಲ. ಕಸ ಗುಡಿಸುವ ಮೊದಲು ನಾನೂ ಒಂದೊಂದಾಗಿ ಆಯ್ದು ಕಣ್ಣಿಗೊತ್ತಬೇಕು. ಅಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು. ಕಲಿಯುವ ಹೊತ್ತೆಲ್ಲ ಕ್ಷಮೆ ಕೇಳುವುದರಲ್ಲೇ ಹೋಯಿತೆಂದು ಒಳಗೇ ಕುದಿದೆ. ಮಗಳ ನಸೀಬು ಹಪ್ಪಳದಂಥ ಆ ಕಂಬಳಿಯ ಮೇಲೆ ಜಾರುತ್ತಿತ್ತು. ಅವು ನಿಲ್ಲಲಿ ತಾಯೀ, ಒಂದು ನಾಲ್ಕಾದರೂ ನಿಲ್ಲಲಿ ಎಂದು ಬೇಡಿಕೊಂಡೆ.

ಹುಣ್ಣಿಮೆ ಬಂತು. ಯಜಮಾನರು ಹಲಗೆಯ ಮುಂದೆ ನಿಂತು, “ಗ ಹಚ್ಚು” ಎಂದರು. ಗೌರಿ ಹಚ್ಚಿದಳು. ಬಿತ್ತು. “ಮ ಹಚ್ಚು.” ಅದೂ ಬಿತ್ತು.

“ತಖ್ತಾದ ಮ್ಯಾಲೆ ಅಕ್ಷರ ನಿಂದ್ರವಲ್ವು, ಇಕಿ ತಲ್ಯಾಗ ಏನು ನಿಂದ್ರತಾವು?” ಎಂದು ನಕ್ಕು, ಹೊರಡಲು ತಿರುಗಿದರು. ಧೋತರದ ಚುಂಗು ಅಕ್ಷರದ ಬುಟ್ಟಿಗೆ ಸಿಕ್ಕಿ ವರ್ಣಮಾಲೆ ಪೂರ್ತಿ ಅವರ ಕಾಲಡಿ ಚೆಲ್ಲಿತು.

ಗೌರಿ ಗಾಬರಿಯಾಗಿ ಅವರ ಪಾದದ ಬಳಿ ಕುಳಿತಳು. “ಅಪ್ಪಾ, ಕಾಲು ಎತ್ತು. ಭ ತುಳದಿ. ಈ ಕಾಲಾಗ ಣ. ಹಿಂದ ಸರಿಬ್ಯಾಡ, ಅಲ್ಲಿ ಳ ಐತಿ.” ಒಂದೊಂದನ್ನೇ ಎತ್ತಿ ಅವರ ಮುಖಕ್ಕೆ ಹಿಡಿದಳು. “ಬಗ್ಗು. ಭ, ತಪ್ಪಾತು ಅನ್ನು.”

ಒಂದು ಕಾಲ ಮೇಲೆ ನಿಂತ ಕಾರಕೂನರು ತಮ್ಮ ತಾಯಿಯ ಕಡೆ ನೋಡಿದರು.

“ಅನ್ನಪಾ,” ಎಂದರು ಅತ್ತೆಯವರು. “ಬಾಯಿ ಬಿಟ್ಟು ಅನ್ನು.”

“ಭ… ತಪ್ಪಾತು.”

ಒಂದನ್ನೂ ತಪ್ಪಿಸದೆ ಅಷ್ಟೂ ಅಕ್ಷರಗಳ ಹೆಸರು ಹೇಳಿದಳು ಗೌರಿ. ಕೊನೆಗೊಂದನ್ನು ಯಜಮಾನರು ತಾವೇ ಎತ್ತಿಕೊಂಡರು. ನಡುವಿನ ಕಾಜದಲ್ಲಿ ಬೆರಳು ತೂರಿಸಿ ನನ್ನನ್ನು ನೋಡಿದರು. “ಇದು…”

“ಅದು ಠ, ಅಪ್ಪಾ. ತಪ್ಪಾತು ಅನ್ನು.”

ಅಂದರು.

ಮರುದಿನವೇ ಗೌರಿ ಮಾಸ್ತರರಲ್ಲಿಗೆ ಹೋದಳು. ಯಜಮಾನರು ಕಚೇರಿಯಲ್ಲಿ ಆ ಹಲಗೆ ತಮ್ಮದೇ ಹಿಕ್ಮತ್ತು, ತಮ್ಮದೇ ಯುಕ್ತಿ ಎಂದು ಹೇಳಿಕೊಂಡರಂತೆ, ಹೇಳಿಕೊಳ್ಳಲಿ. ಹುಡುಗಿ ಕಲಿತದ್ದು ಅತ್ತೆಯವರು ಹೇಳಿಸಿದ ತಪ್ಪೊಪ್ಪಿಗೆಯಿಂದ ಎಂದು ಬರೆಯಲು ನನ್ನ ಕೈ ಇವತ್ತಿಗೂ ಹಿಂಜರಿಯುತ್ತದೆ, ಆದರೂ ಬರೆದಿದ್ದೇನೆ. ಹುಲಿಗೆಮ್ಮನ ಊರು ಹುಲಿಗಿಗೆ ಹೋದಾಗ ದೇವಿಯ ಮುಂದೆ ತಲೆ ಎತ್ತಲಾಗಲಿಲ್ಲ. ಅವಳು ನನ್ನ ಮೊರೆ ಕೇಳಿ ಅಕ್ಷರಗಳನ್ನು ನಿಲ್ಲಿಸಿದ್ದರೆ, ಗೌರಿ ಅವನ್ನು ಅಲ್ಲೇ ಬಿಟ್ಟು ಗುಬ್ಬಿಗೂಡು ಕಟ್ಟಲು ಹೋಗುತ್ತಿದ್ದಳು. ಕೇಳಿಸಿಕೊಳ್ಳದೆ ಇದ್ದದ್ದಕ್ಕೆ ಒಂದು ಕಾಯಿ ಹೆಚ್ಚಿಗೆ ಒಡೆಸಿದೆ.

ಕೋಟಿನ ವಿಚಾರಣೆ ಮಾತ್ರ ಇನ್ನೂ ಮುಗಿದಿಲ್ಲ. ಅವರು ಆ ಮಾತು ತೆಗೆದಾಗಲೆಲ್ಲ ನಾನು ಗೋಡೆಯ ಗೂಡಿನಿಂದ ಠ ತೆಗೆದು ಕಣ್ಣಿಗೊತ್ತಿಕೊಂಡು “ತಪ್ಪಾತು” ಎನ್ನುತ್ತೇನೆ. ಅಕ್ಷರಕ್ಕೆ ಅಂದೆಯೋ ತಮಗೆ ಅಂದೆಯೋ ಎಂದು ಅವರು ಈವರೆಗೆ ಕೇಳಿಲ್ಲ. ಕೇಳದಿರಲಿ ತಾಯೀ ಎಂದು ಈಗ ದಿನಾ ಬೇಡಿಕೊಳ್ಳುತ್ತಿದ್ದೇನೆ.