ಖರ್ಚಿಲ್ಲದ ಶಾಲೆ

ನಡುರಾತ್ರಿ ಶಾಲೆಯ ಕಡೆಯಿಂದ ಕರ್ರ್ ಎಂದು ಬೆಂಚು ಎಳೆದ ಸದ್ದು ಕೇಳಿಸಿತು. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಮುಖ್ಯ ಶಿಕ್ಷಕಿ ಸುನಂದ, ಇಲಿಯಿರಬೇಕೆಂದು ಮಗ್ಗುಲು ಬದಲಿಸಿದರು. ಬೆಂಚು ಎಳೆಯುವಷ್ಟು ದೊಡ್ಡ ಇಲಿ ನಂಗಲಿಯ ಸುತ್ತಮುತ್ತ ಇಲ್ಲವೆಂದು ಅವರಿಗೆ ಹೊಳೆದದ್ದು ಬೆಳಿಗ್ಗೆ.

ಅಂದು ಕೋಲಾರದಿಂದ ತಂಡ ಬರುವುದಿತ್ತು. ಸರ್ಕಾರಿ ಶಾಲೆಗಳ ಸುಧಾರಣೆಗೆ ದುಡ್ಡು ಹೇಗೆ ಹೊಂದಿಸುವುದು, ಯಾವ ಶಾಲೆಗೆ ಮೊದಲು ಕೊಡುವುದು ಎಂದು ನೋಡುವ ತಂಡ. ಇಲ್ಲಿ ಎರಡು ಕೋಣೆಗಳ ಹೆಂಚು ಸೋರುತ್ತಿತ್ತು. ಮಳೆಗಾಲದೊಳಗೆ ಹೊಸ ಛಾವಣಿ ಬರದಿದ್ದರೆ ಕೋಣೆಗಳಿಗೆ ಬೀಗ, ಮಕ್ಕಳು ಜಗುಲಿಗೆ. ಈ ಸಲ ಇದ್ದದ್ದನ್ನು ಇದ್ದ ಹಾಗೆಯೇ ತೋರಿಸುವುದೆಂದು ಸುನಂದ ಗಟ್ಟಿ ಮನಸ್ಸು ಮಾಡಿದ್ದರು.

ಗೇಟು ದಾಟಿದರೆ ಅಲ್ಲಿ ಶಾಲೆ ಇರಲಿಲ್ಲ, ಮದುವೆ ಛತ್ರವಿತ್ತು. ಮುರುಕು ಬೆಂಚುಗಳು ಮಾಯವಾಗಿ ಸಾಲುಸಾಲು ಕುರ್ಚಿಗಳು ಬಂದಿದ್ದವು. ಹೆಂಚಿನ ಕೆಳಗೆ ಗುಲಾಬಿ ಬಟ್ಟೆ ನೆರಿಗೆ ನೆರಿಗೆಯಾಗಿ ಹರಡಿತ್ತು.

"ಇದೇನ್ರೀ ಲಿಯಾಖತ್?"

ಶಾಮಿಯಾನ ಅಂಗಡಿಯ ಲಿಯಾಖತ್ ಏಣಿ ಇಳಿಯುತ್ತ, "ಬಾಡಿಗೆ ಬೇಡ ಮೇಡಂ. ನಮ್ಮ ಮೆಹ್ರೀನ್ ಇಲ್ಲೇ ತಾನೆ ಓದೋದು," ಎಂದ.

"ಬೀಗ ತೆಗ್ದಿದ್ದು ನಾನೇ," ಎಂದು ಶಾಲಾ ಸಮಿತಿಯ ಅಧ್ಯಕ್ಷೆ ಮುನಿಗಂಗಮ್ಮ ಮುಂದೆ ಬಂದರು. "ಹೆಣ್ಣು ನೋಡೋಕೆ ಬರೋರ ಮುಂದೆ ಹರಿದ ಸೀರೆ ಉಡ್ಸಿ ನಿಲ್ಲಿಸ್ತಾರಾ?"

"ಅವರು ಬರ್ತಿರೋದೇ ಹರಿದಿದ್ದು ನೋಡೋಕೆ."

"ಊರುಕೋಂಡಿ ಮೇಡಂ, ಸುಮ್ನಿರಿ. ಊರಿನ ಮರ್ಯಾದೆ ಪ್ರಶ್ನೆ."

ಸುನಂದ ಸುಮ್ಮನಿರಲಿಲ್ಲ. ಕುರ್ಚಿ ಹತ್ತಿ ಬಟ್ಟೆಯ ತುದಿ ಹಿಡಿದು ಎಳೆದರು. ಲಿಯಾಖತನ ಗಂಟು ಬಿಚ್ಚಲಿಲ್ಲ. ಸೀರಿಯಲ್ ಸೆಟ್ಟಿನ ದೀಪಗಳು ಮಾತ್ರ ಝಗ್ಗನೆ ಹತ್ತಿಕೊಂಡವು. ಅದೇ ಗಳಿಗೆಗೆ ಜೀಪು ಬಂತು.

"ಮುಖ್ಯ ಶಿಕ್ಷಕಿ ಖುದ್ದಾಗಿ ಅಲಂಕಾರ ಮಾಡ್ತಿದ್ದಾರೆ, ನೋಡಿ," ಎಂದು ಅಧಿಕಾರಿ ಮುರಳಿಮೋಹನ್ ಜೊತೆಯವರಿಗೆ ತೋರಿಸಿದರು.

"ಅಲಂಕಾರ ಅಲ್ಲ ಸರ್. ಮೇಲೆ ಹೆಂಚೆಲ್ಲ ಸೋರುತ್ತೆ."

"ಎಲ್ಲಿ, ಒಂದು ಹನಿ ತೋರ್ಸಿ," ಎಂದರು ಮುನಿಗಂಗಮ್ಮ, ಅಧಿಕಾರಿಯ ಕಡೆ ನಕ್ಕು.

ಸುನಂದ ಹಿತ್ತಲಿಗೆ ನಡೆದರು. ತೊಟ್ಟಿಯಿಂದ ಬಕೆಟ್ ತುಂಬಿ, ಎಲ್ಲರೂ ನೋಡುತ್ತಿದ್ದಂತೆ ನೀರನ್ನು ಹೆಂಚಿನ ಮೇಲೆ ಬೀಸಿ ಎಸೆದರು. ಹಿಂದಿನ ರಾತ್ರಿ ಲಾರಿ ಡ್ರೈವರ್ ವೆಂಕಟ್ ಹಿಂಬದಿಯ ಮಾಡಿಗೆ ಹೆಂಚಿನದೇ ಬಣ್ಣದ ಟಾರ್ಪಾಲು ಹೊದಿಸಿದ್ದು ಅವರಿಗೆ ಗೊತ್ತಿರಲಿಲ್ಲ. ನೀರು ತವರಿಗೆ ಹೊರಟ ಸೊಸೆಯಂತೆ ಸರಸರನೆ ಜಾರಿ ಬಂದು ಅವರ ತಲೆಯ ಮೇಲೇ ಸುರಿಯಿತು. ಒಳಗೆ ಒಂದು ತೊಟ್ಟೂ ಬೀಳಲಿಲ್ಲ.

"ಪರೀಕ್ಷೆನೂ ಮಾಡಿ ತೋರಿಸಿಬಿಟ್ರಿ," ಎಂದರು ಮುರಳಿಮೋಹನ್. "ನಿಮ್ಮ ಶಾಲೆ ಆಯ್ಕೆ ಆಯ್ತು."

ಊರು ಚಪ್ಪಾಳೆ ತಟ್ಟಿತು. ನೆನೆದಿದ್ದರೂ ಸುನಂದರ ಮುಖ ಅರಳಿತು. ಜೀಪಿನವರೆಗೆ ಹೋಗಿ ಮೆಲ್ಲಗೆ ಕೇಳಿದರು. "ಛಾವಣಿಗೆ ಅನುದಾನ ಯಾವಾಗ ಸರ್?"

"ಅನುದಾನ ಸೋರೋ ಶಾಲೆಗಳಿಗೆ ಮೇಡಂ. ನಿಮ್ಮದು ಮಾದರಿ. ದುಡ್ಡು ಎಲ್ಲಿಂದ ತರೋದು ಅಂತ ನಾವು ತಲೆ ಕೆಡಿಸ್ಕೊಂಡಿದ್ವಿ. ದುಡ್ಡೇ ಬೇಡ, ಊರೋರು ಸಾಕು ಅಂತ ನೀವು ತೋರಿಸಿದ್ರಿ. ಸೋಮವಾರದಿಂದ ಮಾಲೂರು, ಶ್ರೀನಿವಾಸಪುರ ಸುತ್ತಿ ಮಿಕ್ಕ ಶಾಲೆಗಳೋರಿಗೂ ಹೇಳ್ಕೊಡಿ."

ಜೀಪು ಹೊರಟಿತು. ಲಿಯಾಖತ್ ಆಗಲೇ ಗಂಟು ಬಿಚ್ಚುತ್ತಿದ್ದ. ಸಂಜೆ ದೇವರಾಯಸಮುದ್ರದಲ್ಲಿ ಮದುವೆಯಿತ್ತು. ವೆಂಕಟನಿಗೆ ಟೊಮೇಟೊ ಲೋಡಿಗೆ ಟಾರ್ಪಾಲು ಬೇಕಿತ್ತು.

ಮುನಿಗಂಗಮ್ಮ ಮೈಸೂರುಪಾಕಿನ ಚೂರೊಂದನ್ನು ಸುನಂದರ ಕೈಗಿಟ್ಟರು. "ನೋಡಿದ್ರಾ ನಮ್ಮ ಮಾತು? ಸಾಹೇಬ್ರು ಏನಂದ್ರು?"

ಅವರ ಕಣ್ಣಲ್ಲಿ ಮಗಳ ಮದುವೆ ಗೊತ್ತಾದಷ್ಟು ಸಂತೋಷವಿತ್ತು.

"ತುಂಬ ಚೆನ್ನಾಗಿದೆ ಅಂದ್ರು," ಎಂದರು ಸುನಂದ. ಉಳಿದದ್ದನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿ, ಒದ್ದೆ ಸೆರಗು ಹಿಂಡಿಕೊಂಡು ಮೈಸೂರುಪಾಕನ್ನು ಬಾಯಿಗೆ ಹಾಕಿಕೊಂಡರು.