ವೀರಗಲ್ಲಿನ ಮೇಲಿನ ಸೋಪಿನ ನೊರೆ

ಕಲ್ಲಿನಲ್ಲಿ ಕತ್ತಿ ಹಿಡಿದು ನಿಂತಿರುವ ವೀರ ಯಾರೆಂದು ನನಗೆ ಗೊತ್ತಿಲ್ಲ, ಊರಲ್ಲಿ ಯಾರಿಗೂ ಗೊತ್ತಿಲ್ಲ. ಈಗ ಜನ ಹೇಳುವ ಕಥೆ ನಾನು ಕಟ್ಟಿದ್ದು. ನನ್ನ ಬಟ್ಟೆ ಒಗೆಯುವ ಕಲ್ಲು ಉಳಿಯಲಿ ಅಂತ ಕಟ್ಟಿದೆ, ಅಷ್ಟೇ.

ಕುಂದಲಹಳ್ಳಿಯ ಹಳೇ ಊರಿನಲ್ಲಿ, ನಮ್ಮ ಮನೆ ಮುಂದಿನ ನಲ್ಲಿಯ ಪಕ್ಕ ಅಂಗಾತ ಬಿದ್ದಿರುವ ಕಲ್ಲು ಅದು. ವೀರನ ಮೂಗು ಸವೆದಿದೆ. ಒಂದು ಭಾನುವಾರ, ಹಳೇ ಕಲ್ಲುಗಳನ್ನು ನೋಡುತ್ತ ತಿರುಗುವ ಅಪಾರ್ಟ್‌ಮೆಂಟಿನ ಗುಂಪೊಂದು ಬಂದು, ಪಾಪ ಎಷ್ಟು ಮಳೆ ಬಿಸಿಲು ಕಂಡಿದೆಯೋ ಎಂದು ಮರುಗಿತು. ಮಳೆಯೂ ಅಲ್ಲ, ಬಿಸಿಲೂ ಅಲ್ಲ. ಅದು ನಮ್ಮ ಯಜಮಾನರ ಫ್ಯಾಕ್ಟರಿ ಯೂನಿಫಾರಂ ಗುಂಡಿಗಳ ಕೆಲಸ.

ಗುಂಪಿನ ಮುಂದಾಳು ಧಾರವಾಡ ಕಡೆಯ ಗಿರಿಜಾ. "ಅಜ್ಜೀ, ಇದನ್ನ ನಮ್ಮ ಗೇಟಿನ ಹತ್ರ ಒಯ್ದು ಗಾಜಿನ ಪೆಟಗ್ಯಾಗ ಇಡ್ತೀವ್ರೀ. ಛಂದ ಕಾಣ್ತೈತಿ," ಎಂದಳು.

ಕಲ್ಲು ಹೋದರೆ ನಾನು ಬಟ್ಟೆ ಎಲ್ಲಿ ಒಗೆಯಲಿ? ಸೊಸೆಯ ವಾಷಿಂಗ್ ಮೆಷಿನ್ ಇದೆ, ನಿಜ. ಆದರೆ ನನ್ನ ಸೀರೆ ಅದರೊಳಗೆ ಹೋದರೆ ಮಗನ ಪ್ಯಾಂಟಿನ ಕಾಲನ್ನು ತಬ್ಬಿಕೊಂಡೇ ಆಚೆ ಬರುತ್ತದೆ, ಕೊಳೆ ಮಾತ್ರ ಇದ್ದಲ್ಲೇ ಇರುತ್ತದೆ.

"ಮುಟ್ಟೀಯಾ, ಜೋಕೆ ಕಣಮ್ಮ," ಎಂದೆ. "ಈವಯ್ಯ ನೀರು ನೀರು ಅಂತ ಪ್ರಾಣ ಬಿಟ್ಟೋನು. ಅವ್ನ ಎಂಡ್ತಿ ಇಲ್ಲೇ ನೀರು ಉಯ್ದು ಅರಕೆ ಒತ್ತವ್ಳೆ. ಈ ಕಲ್ಲು ಕದಲಿದ್ರೆ, ಒಂದಿನ ಒಣಗಿದ್ರೂ, ಸುತ್ತ ಯಾರ ಮನೇಲೂ ನೀರು ನಿಲ್ಲಾಕಿಲ್ಲ."

ದೆವ್ವವೆಂದರೆ ನಗುವ ಜನ ಇವರು. ನಾಳೆ ನೀರಿನ ಟ್ಯಾಂಕರ್ ಬರಲ್ಲ ಎಂದರೆ ಮುಖ ಬಿಳಿಚಿಕೊಳ್ಳುತ್ತದೆ. ಕಲ್ಲು ಉಳಿಯಿತು.

ನಾನು ಹಿಗ್ಗಿದ್ದು ಒಂದೇ ದಿನ. ಆಮೇಲೆ ದಿನಾ ಬೆಳಿಗ್ಗೆ ಕೊರಳಲ್ಲಿ ಆಫೀಸಿನ ಪಟ್ಟಿ ನೇತುಹಾಕಿಕೊಂಡವರೆಲ್ಲ ಚೊಂಬು, ಬಾಟಲಿ ಹಿಡಿದು ಬಂದು ಕಲ್ಲಿಗೆ ನೀರು ಹುಯ್ಯತೊಡಗಿದರು. ಪಕ್ಕದ ಮನೆ ರತ್ನಮ್ಮ ಸುಮ್ಮನಿರುತ್ತಾಳೆಯೇ? ನನ್ನ ಸೋಪಿನ ನೀರು ಅವಳ ಬಾಗಿಲ ಮುಂದೆ ಹರಿಯುತ್ತದೆಂಬ ಹಳೇ ಸಿಟ್ಟು ಅವಳಿಗೆ. ಸೋಪು ತಾಗಿದರೆ ವೀರ ಮುನಿಯುತ್ತಾನೆ ಎಂದು ಕಥೆಗೆ ಒಂದು ಬಾಲ ಸೇರಿಸಿದಳು. "ಇನ್ನ ಇದರ ಮ್ಯಾಲೆ ಬಟ್ಟಿ ಒಗೀಬ್ಯಾಡ್ರಿ ಅಜ್ಜೀ," ಎಂದು ಗಿರಿಜಾ ನನಗೇ ಹೇಳಿ ಹೋದಳು.

"ಏನೇ ರತ್ನಿ, ವೀರ ಮುನಿಸ್ಕೊಂಡಿದ್ನ ನೀನು ನೋಡಿದ್ಯಾ?" ಎಂದು ಕೇಳಿದೆ.

"ಅವ್ನು ನೀರು ಕೇಳಿದ್ನ ನೀನು ನೋಡಿದ್ಯೇನಕ್ಕ?" ಎಂದಳು.

ಒಳಗೆ ಬಂದು ಸೀರೆ ನೆನೆಹಾಕಿದೆ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಸೋಪು ಹಚ್ಚಿ ನೆನೆಸಿದ್ದ ನನ್ನ ಸೀರೆಯನ್ನು ವೀರನ ಮೇಲೆ ಹೊದಿಸಿದೆ. ಗಿರಿಜಾ ಬಂದಾಗ, "ಬಿಸಿಲು ತಾಗ್ದಂಗೆ ಎಂಡ್ತಿ ಸೀರೆ ಒದಿಸಿದ್ಲಂತೆ ಕಣಮ್ಮ. ಇದ್ರ ಮ್ಯಾಲೇ ಉಯ್ಯಬೇಕು," ಎಂದೆ.

ಅವಳು ಹುಯ್ದು, ಬಗ್ಗಿ ನೋಡಿದಳು. "ನೊರಿ ಬರಾಕತ್ತೈತಲ್ರೀ ಅಜ್ಜೀ?"

"ವೀರನ ಬೆವರು. ಉಯ್ಯಿ."

ನೊರೆ ಹೋಗುವವರೆಗೂ ಸಾಲಾಗಿ ನಿಂತು ಹುಯ್ದರು. ಸೀರೆ ಹಿಂಡುವುದಕ್ಕೆ ಮಾತ್ರ ಎಷ್ಟು ಯೋಚಿಸಿದರೂ ಕಥೆ ಹೊಳೆಯಲಿಲ್ಲ; ಅದನ್ನು ನಾನೇ ಹಿಂಡಿಕೊಂಡೆ.